ತಲೆಯ ಮೇಲಿನ ಬೆಸುಗೆ

ಹೊಳೆಗೆ ಅಡ್ಡಲಾಗಿ ಒಂದು ಕಬ್ಬಿಣದ ಕಾಲುಸೇತುವೆ. ಅದರ ತಳದ ತೊಲೆ ಬಿರುಕು ಬಿಟ್ಟಿತ್ತು. ಅದರ ಮೇಲೆ ಜನರನ್ನು ಬಿಡುತ್ತಿರಲಿಲ್ಲ.

ಅಂಥ ಬೆಸುಗೆಯ ಕೆಲಸಕ್ಕೆ ಸುತ್ತಲಿನವರು ಕರೆಯುತ್ತಿದ್ದದ್ದು ಹುಸೇನಸಾಬರನ್ನು. ಈಗ ಅವರ ಬಲತೋಳು ಭುಜದಿಂದ ಮೇಲೆ ಏಳದು. ಕೆಲಸ ಶಿಷ್ಯ ದ್ಯಾಮಣ್ಣನ ಪಾಲಿಗೆ ಬಂತು.

ದ್ಯಾಮಣ್ಣನ ಹೆಂಡತಿ ಆಚೆ ದಂಡೆಯ ತವರಿನಲ್ಲಿದ್ದಳು. ದಿನ ತುಂಬಿತ್ತು. ಆಸ್ಪತ್ರೆ ಈಚೆ ದಂಡೆಯಲ್ಲಿತ್ತು. ಹೊಳೆ ಏರುತ್ತಿತ್ತು, ಹರಿಗೋಲಿನವನು ಹುಟ್ಟು ಎತ್ತಿಟ್ಟಿದ್ದ.

ಗುರು ಒಂದು ಕಬ್ಬಿಣದ ಪಟ್ಟಿಯನ್ನು ತಲೆಗಿಂತ ಎತ್ತರದಲ್ಲಿ ಎರಡು ಕಂಬಗಳ ನಡುವೆ ಅಡ್ಡ ಕಟ್ಟಿಸಿದರು.

"ಮೊದಲ ಇಲ್ಲಿ ಬೆಸಿ."

ದ್ಯಾಮಣ್ಣ ಕೊರಳಿಗೆ ಗೋಣಿಚೀಲ ಸುತ್ತಿಕೊಂಡ. ಕೈ ಚಾಚಿ, ಆದಷ್ಟು ದೂರದಿಂದ ಬೆಸುಗೆಯ ರಾಡು ಹಿಡಿದ. ಕರಗಿದ ಕಬ್ಬಿಣ ಪಟ್ಟಿಗೆ ಅಂಟದೆ ತೊಟತೊಟನೆ ಕೆಳಗೆ ಬಿತ್ತು. ಕರೆಂಟು ಏರಿಸಿದ. ಇನ್ನಷ್ಟು ಬಿತ್ತು.

"ಉಸ್ತಾದ್, ಎಲ್ಲಾ ಮೈಮ್ಯಾಲೆ ಬೀಳಾಕತ್ತೈತ್ರಿ."

"ಬೀಳದ ಏನ್ ಮಾಡ್ತೈತಿ? ಹೊಸ ಸೊಸಿ ಮಾವಗ ನೀರ್ ಕೊಟ್ಟಂಗ, ಮಾರು ದೂರ ನಿಂತು ಕೊಡಾಕತ್ತೀ."

"ಹತ್ರ ಹೋದ್ರ ಸುಡತೈತಲ್ರಿ?"

ಗುರು ಹೊಳೆಯತ್ತ ನಡೆದರು. ಹಲಗೆಯೊಂದನ್ನು ಹೊಳೆಯಲ್ಲಿ ಅದ್ದಿ ತಂದು ಎರಡು ಕಲ್ಲುಗಳ ಮೇಲೆ ಇಟ್ಟರು.

"ಬಗ್ಗಿ ನೋಡು."

ಹಲಗೆಯ ಅಡಿಯಲ್ಲಿ ಹನಿಗಳು ನೇತಾಡುತ್ತಿದ್ದವು.

"ಯಾಕ ಬಿದ್ದಿಲ್ಲ?"

"ಸಣ್ಣವು ಅದಾವ್ರಿ."

ಗುರು ಬೆರಳಿನಿಂದ ಒಂದು ಹನಿಯನ್ನು ಇನ್ನೊಂದಕ್ಕೆ ಕೂಡಿಸಿದರು. ಮತ್ತೊಂದನ್ನು ಕೂಡಿಸಿದರು. ಹನಿ ದಪ್ಪಗಾಯಿತು. ಬಿತ್ತು.

ದ್ಯಾಮಣ್ಣ ತಲೆ ಎತ್ತಿ ಪಟ್ಟಿಯತ್ತ ನೋಡಿದ.

"ಕರೆಂಟ್ ಇಳಿಸ್ಲೇನ್ರಿ?"

"ಇಳಿಸು. ಕಬ್ಬಿಣ ಅಗಲ ತೀಡಬ್ಯಾಡ. ರಾಡು ಇನ್ನೇನ್ ತಾಗತೈತಿ ಅನ್ನೂವಷ್ಟು ಹತ್ರ ಹಿಡಿ. ಮೊಣಕೈ ಕಂಬಕ್ಕ ಊರು. ನೇರ ಅದರ ಕೆಳಗ ನಿಂದರಬ್ಯಾಡ."

"ಮತ್ತ ಹೆದರಿಕಿಗೆ ಏನ್ ಮಾಡ್ಲಿ?"

"ಅದು ಇದ್ರ ಇರ್ಲಿ. ಕೈ ಮಾತ್ರ ಹಿಂದಕ್ಕ ಎಳೀಬ್ಯಾಡ."

ಮಧ್ಯಾಹ್ನದ ಹೊತ್ತಿಗೆ ಪಟ್ಟಿಯ ಅಡಿಗೆ ಬೆಸುಗೆ ಉದುರದೆ ನಿಂತಿತು. ದ್ಯಾಮಣ್ಣ ಸೇತುವೆಯ ಅಡಿಗೆ ಕಟ್ಟಿದ್ದ ಅಟ್ಟಣಿಗೆ ಹತ್ತಿದ.

ಬಿರುಕಿನ ಒಂದು ತುದಿಯಿಂದ ಹೊರಟ. ನಡುವೆ ಒಂದು ಕಿಡಿ ಅಂಗಿಯ ತೋಳಿನೊಳಗೆ ಹೊಕ್ಕಿತು. ಕೈ ಅದುರಿತು. ಕೂಡಲೇ ಹಿಡಿತಕ್ಕೆ ತಂದುಕೊಂಡು ಇನ್ನೊಂದು ತುದಿ ಮುಟ್ಟಿಸಿದ. ಅದುರಿದ ಜಾಗದ ಮೇಲೆ ಇನ್ನೊಂದು ಸಾಲು ಹಾಯಿಸಿ ಮುಚ್ಚಿದ. ಬೆಸುಗೆಯ ಮೇಲೆ ಹೆಪ್ಪುಗಟ್ಟಿದ ಕಿಟ್ಟ ಕೆರೆದು ಇಳಿದು ಬಂದ. ಕೆಳಗಿನಿಂದ ನೋಡಿದರೆ ಬೆಸುಗೆ ಚೆಂದವೇ ಇತ್ತು.

"ಉಸ್ತಾದ್, ತಡೀತೈತೇನ್ರಿ?"

ಹುಸೇನಸಾಬರು ಮೇಲೆ ನೋಡಲೂ ಇಲ್ಲ.

"ಅದರ ಮ್ಯಾಲೆ ಯಾರನ್ನ ಕರ್ಕೊಂಡ್ ಬರಾಂವ ನೀನು?"

ದ್ಯಾಮಣ್ಣ ಆಚೆ ದಂಡೆಯತ್ತ ನೋಡಿದ. ಆಮೇಲೆ ತೊಲೆಯತ್ತ ನೋಡಿದ.

ಗ್ರೈಂಡರ್ ಎತ್ತಿಕೊಂಡು ಮತ್ತೆ ಹತ್ತಿದ. ಕೈ ಅದುರಿದ ಜಾಗವನ್ನು ಕೊರೆದು ತೆಗೆದ. ಒಳಗೆ ಕಿಟ್ಟ ಸಿಕ್ಕಿಕೊಂಡು ಪೊಳ್ಳಾಗಿತ್ತು. ಹೊಳೆಯುವ ಕಬ್ಬಿಣ ಕಾಣುವವರೆಗೂ ಕೊರೆದ. ಮೊಣಕೈ ಊರಿದ. ಬೆಸೆದ.

ಈ ಸಲವೂ ಕಿಡಿ ಬಿತ್ತು. ಕೊರಳ ಹಿಂದೆ ಕೂದಲು ಸುಟ್ಟ ವಾಸನೆ ಬಂತು. ಕೈ ಇದ್ದಲ್ಲೇ ಇತ್ತು.

ಇಳಿದು ಬಂದು ಗುರುವಿನ ಪಕ್ಕ ಕುಳಿತ. ತಡೆಯುತ್ತದೆಯೇ ಎಂದು ಈ ಸಲ ಕೇಳಲಿಲ್ಲ.

ಹುಸೇನಸಾಬರು ಅವನ ಮುಖ ನೋಡಿದರು.

"ಇಲ್ಲಿ ಯಾಕ ಕುಂತಿ ತಮ್ಮಾ? ಹೋಗು, ಆಕೀನ ಕರ್ಕೊಂಡ್ ಬಾ."