ಹೋಳಿಗೆ ಬೇಡವೆಂದ ಬೀಗರು

ಮಗಳ ಮದುವೆಯ ಊಟಕ್ಕೆ ಧಣಿ ಗುರುಪಾದಪ್ಪ, ನಾಟಕದ ಹಾಸ್ಯಗಾರ ಚನ್ನಮಲ್ಲನಿಗೆ ಬಡಿಸುವವನ ವೇಷ ಹಾಕಿಸಿ ಗದರಿದ: “ನಮ್ಮ ಬೀಗರು ಅಮಲ್ದಾರರು. ನಕ್ಕಿದ್ದನ್ನು ಯಾರೂ ಕಂಡಿಲ್ಲ. ಇವತ್ತು ನಗಿಸದಿದ್ದರೆ ಎಂಜಲೆಲೆಯೆಲ್ಲ ನೀನೇ ಎತ್ತಬೇಕು!”

“ನಕ್ಕರೆ?”

“ನಾನೇ ಎತ್ತುತ್ತೇನೆ, ಹೋಗೋ!”

ಚನ್ನಮಲ್ಲ ಹೋಳಿಗೆ ತಂದ. ಬಲವಂತ ಮಾಡಿ ಬಡಿಸಲಿ ಎಂದೇ ಬೀಗರು ಎಲೆಗೆ ಕೈ ಅಡ್ಡ ಹಿಡಿದು “ಬೇಡ, ಬೇಡ” ಎಂದರು. ಇವನು “ಅಪ್ಪಣೆ” ಎಂದು ಮುಂದೆ ಹೋಗಿಬಿಟ್ಟ. ಎರಡನೇ ಸಲವೂ ಅಷ್ಟೇ. ಮೂರನೇ ಸಲ ಬೀಗರು ಬುಟ್ಟಿಯನ್ನೇ ಹಿಡಿದುಕೊಂಡರು.

“ಮೂವತ್ತು ವರ್ಷ ಅಮಲ್ದಾರಿಕೆ ಮಾಡಿದೆ, ನನ್ನ ಮಾತು ಒಬ್ಬನೂ ಕೇಳಲಿಲ್ಲ. ನೀನೊಬ್ಬ ಕೇಳಿದೆ, ಅದೂ ಹೋಳಿಗೆ ವಿಷಯದಲ್ಲಿ!” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು.

ಗುರುಪಾದಪ್ಪ ಮುಖ ಹುಳ್ಳಗೆ ಮಾಡಿಕೊಂಡು, ಪಂಚೆ ಎತ್ತಿಕಟ್ಟಿ ಎಂಜಲೆಲೆ ಎತ್ತಲು ಬಗ್ಗಿದ. ಚನ್ನಮಲ್ಲ ಹೊಸ ಎಲೆ ಹಾಕಿಕೊಂಡು ಕೂತ.

“ಸ್ವಲ್ಪ ತಾಳಿ ಧಣಿ, ನನ್ನದೂ ಒಂದಿದೆ.”