ಹೊತ್ತದ್ದೆಲ್ಲ ದೇವರದು

ಹೂಂಗುಟ್ಟಲು ಒಬ್ಬರಾದರೂ ಇದ್ದೀರಾ? ಇದ್ದರೆ ಸರಿ. ಹೂಂ ಅನ್ನುವವರಿಲ್ಲದಿದ್ದರೆ ಈ ಕತೆಯ ಮುದ್ದ ಬೆಟ್ಟದ ನಡುವೆಯೇ ನಿಂತುಬಿಡುತ್ತಾನೆ. ಅವನು ಅಂಥವನು.

ಕರಿಗಲ್ಲು ಬೆಟ್ಟದ ಬುಡದಲ್ಲಿ ದೇವೀರವ್ವ ಅಂತ ಒಬ್ಬಳು. ಅವಳಿಗೆ ಒಬ್ಬನೇ ಮಗ, ಮುದ್ದ. ಹೆಸರಿಗೆ ಮುದ್ದ, ಊರಿಗೆಲ್ಲ ಪೆದ್ದ. ಐದು ವರ್ಷ ತುಂಬಿದರೂ ಅವನು ಹೆಜ್ಜೆ ಇಟ್ಟಿರಲಿಲ್ಲ. ಆಗ ದೇವೀರವ್ವ ಬೆಟ್ಟದ ಕಡೆ ಕೈ ಮುಗಿದು ಹರಕೆ ಹೊತ್ತಳು: “ಗವಿಯಪ್ಪಾ, ನನ್ನ ಮಗ ನಡೆದರೆ, ಅದೇ ಕಾಲಲ್ಲಿ, ಬರಿಗಾಲಲ್ಲಿ, ನಿನ್ನ ಅಡುಗೆಗೆ ಒಂದು ಹೊರೆ ಸೌದೆ ಹೊತ್ತು ತರ್ತಾನೆ.”

ಮುದ್ದ ನಡೆದ. ನಡೆದೂ ನಡೆದೂ ಇಪ್ಪತ್ತೆರಡು ವರ್ಷದವನಾದ. ಹರಕೆ ಹಾಗೇ ಉಳಿಯಿತು. ಈಗ ದೇವೀರವ್ವನಿಗೆ ಮಂಡಿ ಹಿಡಿದಿತ್ತು. ಹರಕೆ ಮರೆತದ್ದಕ್ಕೇ ದೇವರು ಮಂಡಿ ತಟ್ಟಿ ಎಚ್ಚರಿಸುತ್ತಿದ್ದಾನೆ ಎಂದು ಅವಳಿಗೆ ಅನುಮಾನ. ಮಳೆ ಹಿಡಿದರೆ ದಾರಿ ಮುಚ್ಚುತ್ತದೆ, ಅಷ್ಟರೊಳಗೆ ತೀರಬೇಕು.

ಆ ಬೆಟ್ಟದ ಕಟ್ಟಳೆ ಹೀಗಿದೆ. ಪಾದಗಲ್ಲಿನ ಹತ್ತಿರ ಚಪ್ಪಲಿ ಬಿಡಬೇಕು. ಏಳು ತಿರುವು ಬರಿಗಾಲಲ್ಲೇ ಹತ್ತಬೇಕು. ನಡುವೆ ಹೊರೆ ನೆಲಕ್ಕೆ ಬಿದ್ದರೆ ಇನ್ನೊಂದು ದಿನ ಮತ್ತೆ ಪಾದಗಲ್ಲಿನಿಂದಲೇ ಶುರು. ಮೇಲೆ ಹೋದ ಮೇಲೆ ಹೊತ್ತದ್ದನ್ನು ಗುಡಿಯ ಮುಂದೆ ಇಳಿಸಿ, ತಿರುಗಿ ನೋಡದೆ ಬೆಟ್ಟ ಇಳಿಯಬೇಕು. ತಿರುಗಿ ನೋಡಿದರೆ, ಕೊಟ್ಟದ್ದರ ಮೇಲೆ ಇನ್ನೂ ಆಸೆ ಇದೆ ಅಂತ ಅರ್ಥ.

“ಇವತ್ತು ಸೋಮವಾರ. ಹೋಗ್ಲಾ ಮುದ್ದ, ಹತ್ತಿ ಬಾ,” ಅಂದಳು ತಾಯಿ.

ಮುದ್ದ ಉಂಡು, ಒಂದು ನಿದ್ದೆ ತೆಗೆದು, ನೆತ್ತಿ ಸುಡುವ ಬಿಸಿಲಲ್ಲಿ ಹೊರೆ ಹೊತ್ತು ಹೊರಟ. ಮೂರನೇ ತಿರುವಿನ ಬಂಡೆ ರೊಟ್ಟಿ ಹೆಂಚಿನ ಹಾಗೆ ಕಾದಿತ್ತು. “ಅಯ್ಯಪ್ಪಾ!” ಅಂದ. ಹೊರೆ ಇಳಿಸಿದ. ಅದರ ಮೇಲೇ ಹತ್ತಿ ನಿಂತ. ಸಂಜೆಯವರೆಗೂ ನಿಂತ.

“ಏನ್ಲಾ, ಹರಕೆ ತೀರ್ತಾ?”

“ಇಲ್ಲ ಕಣವ್ವ. ಬಂಡೆ ಸುಡ್ತಿತ್ತು. ಸೌದೆ ಮೇಲೆ ನಿಂತಿದ್ದೆ. ಬಂಡೆ ತಣ್ಣಗಾಯ್ತು, ಹೊಟ್ಟೆ ಬಿಸಿಯಾಯ್ತು. ಬಂದ್ಬುಟ್ಟೆ.”

“ಪೆದ್ದೇ! ಸೋರೆಬುರುಡೆಯಲ್ಲಿ ನೀರು ತಗೊಂಡು ಹೋಗ್ಬಾರ್ದಾ? ಬಂಡೆ ಮೇಲೆ ನೀರು ಚೆಲ್ಲು, ಆಮೇಲೆ ಕಾಲಿಡು!”

“ಹಂಗೇ ಆಗ್ಲಿ ಕಣವ್ವ.”

ಮುಂದಿನ ಸೋಮವಾರ ಬೆಳಗಿನ ಜಾವದಲ್ಲೇ ಒಂದು ಹದ ಮಳೆ ಬಿದ್ದಿತ್ತು. ಬಂಡೆಗಳೆಲ್ಲ ಪಾಚಿ ಮಿಂಚಿಸುತ್ತ ತಣ್ಣಗೆ ಕೂತಿದ್ದವು. ಮುದ್ದ ಬುರುಡೆ ಬಗ್ಗಿಸಿದ, ನೀರು ಚೆಲ್ಲಿದ, ಕಾಲಿಟ್ಟ. ಬುರುಡೆ ಬಗ್ಗಿಸಿದ, ನೀರು ಚೆಲ್ಲಿದ, ಕಾಲಿಟ್ಟ. ಐದನೇ ತಿರುವಿನಲ್ಲಿ ಬುರುಡೆ ಬಗ್ಗಿಸಿದ, ನೀರು ಚೆಲ್ಲಿದ, ಕಾಲಿಟ್ಟ, ಸುಂಯ್! ಹೊರೆ ಮುಂದೆ, ಮುದ್ದ ಹಿಂದೆ, ಬುರುಡೆ ಅವನ ಹಿಂದೆ. ಮೂವರೂ ಮೂರನೇ ತಿರುವಿಗೆ ಬಂದು ನಿಂತರು.

“ಕೂರಕ್ಕೂ ಆಗಲ್ಲ ಕಣವ್ವ,” ಅಂದ ಮನೆಗೆ ಬಂದು, ಗೋಡೆಗೆ ಒರಗಿ.

“ಪೆದ್ದೇ! ಜಾರೋ ಬಂಡೆಗೆ ಯಾರಾದ್ರೂ ನೀರು ಹುಯ್ತಾರೇನ್ಲಾ? ಕಾಲು ಜಾರಿದ್ರೆ ಕೈಗೆ ಸಿಕ್ಕಿದ್ದನ್ನ ಹಿಡ್ಕೋಬೇಕು. ಹಿಡಿದದ್ದನ್ನ ಬಿಡಬಾರದು. ಏನೇ ಆದ್ರೂ ಬಿಡಬಾರದು!”

“ಹಂಗೇ ಆಗ್ಲಿ ಕಣವ್ವ.”

ಮೂರನೇ ಸೋಮವಾರ ನೆಲ ಒಣಗಿತ್ತು. ಮುದ್ದ ಚೆನ್ನಾಗಿಯೇ ಹತ್ತಿದ. ಆರನೇ ತಿರುವನ್ನೂ ಮುಟ್ಟಿದ. ಅಲ್ಲಿ ಗರಸು ಮಣ್ಣು. ಕಾಲು ಜಾರಿತು, ಹೊರೆ ಉರುಳಿತು. ಕೈ ಚಾಚಿದ. ಏನೋ ಸಿಕ್ಕಿತು. ಗಟ್ಟಿಯಾಗಿ ಹಿಡಿದ.

ಸಿಕ್ಕಿದ್ದು ಕತ್ತೆಯ ಬಾಲ. ಗುಡಿಗೆ ನೀರು ಹೊರಿಸುವ ಕಾಳಣ್ಣ ಗುಡಿಯಲ್ಲಿ ನೀರು ಇಳಿಸಿ, ಖಾಲಿ ಬಿಂದಿಗೆ ಹೇರಿದ ಕತ್ತೆ ಹೊಡೆದುಕೊಂಡು ಇಳಿಯುತ್ತಿದ್ದ. ಕತ್ತೆ ಬೆದರಿ ಓಡಿತು.

“ಬಿಡ್ಲಾ ಬಾಲಾನಾ!” ಕಾಳಣ್ಣ ಕೂಗಿದ.

“ಆಗಲ್ಲ ಕಣಣ್ಣ! ಅವ್ವ ಬೈತಾಳೆ!”

“ಒದೀತದೆ ಕಣ್ಲಾ!”

“ಒದೀತಾ ಅದೆ ಕಣಣ್ಣ!”

ಆರನೇ ತಿರುವಿನಿಂದ ಪಾದಗಲ್ಲಿನವರೆಗೂ ಒದೆಸಿಕೊಂಡು ಇಳಿದ. ಬಾಲ ಬಿಡಲಿಲ್ಲ. ಕತ್ತೆ ನಿಂತ ಮೇಲೆ ಅದರ ಬೆನ್ನು ಸವರಿ, “ಹೋಗ್ಬರ್ತೀನಿ,” ಅಂತ ಹೇಳಿಯೇ ಮನೆಗೆ ಬಂದ.

ಈ ಸಲ ದೇವೀರವ್ವ ಬೈಯಲಿಲ್ಲ. ಮಂಡಿ ಹಿಡಿದು ಹೊಸ್ತಿಲ ಮೇಲೆ ಕೂತುಬಿಟ್ಟಳು. “ಕಾಲು ಕೇಳಿದೆ, ಕೊಟ್ಟ. ತಲೆ ಕೇಳೋದು ಮರೆತೆ. ಕೊಟ್ಟ ಕಾಲಿಗೇ ಹರಕೆ ತೀರಿಸಿಲ್ಲ, ಇನ್ನು ತಲೆಯನ್ನ ಯಾವ ಮುಖ ಇಟ್ಕೊಂಡು ಕೇಳ್ಲಿ?”

ಮುದ್ದ ಅವಳ ಪಕ್ಕ ಕೂತ. ಕೂತರೆ ನೋವು, ಆದರೂ ಕೂತ.

“ಅಳಬೇಡ ಕಣವ್ವ. ಇನ್ನೊಂದು ಸಲ ಹೇಳು. ಹೇಳಿದಂಗೇ ಮಾಡ್ತೀನಿ.”

“ಅದೇ ಕಣೋ ನನ್ನ ಭಯ! ಇನ್ನು ನನ್ನ ಮಾತು ಕೇಳಬೇಡ. ನಾನೇ ಜೊತೆಗೆ ಬರ್ತೀನಿ. ಮೇಲೆ ಪೂಜಾರಪ್ಪ ಏನು ಹೇಳ್ತಾನೋ ಅದನ್ನ ಮಾಡು. ಹೆಚ್ಚೂ ಬೇಡ, ಕಮ್ಮಿಯೂ ಬೇಡ. ಯಾರು ಕೂಗಿದ್ರೂ ನಿಲ್ಲಬೇಡ.”

“ಹಂಗೇ ಆಗ್ಲಿ ಕಣವ್ವ.”

ನಾಲ್ಕನೇ ಸೋಮವಾರ, ಬೆಳಕು ಹರಿಯುವಾಗ ಇಬ್ಬರೂ ಪಾದಗಲ್ಲಿನ ಹತ್ತಿರ ಚಪ್ಪಲಿ ಬಿಟ್ಟರು. ಮುಂದೆ ಮುದ್ದ, ಹಿಂದೆ ಕೋಲೂರಿಕೊಂಡು ದೇವೀರವ್ವ. ಅವಳ ಹಿಮ್ಮಡಿ ಒಡೆದಿತ್ತು. ಅದನ್ನು ನೋಡಿ ಮುದ್ದ ದಾರಿಯ ಚೂಪುಗಲ್ಲುಗಳನ್ನು ಕಾಲಿನಲ್ಲೇ ಪಕ್ಕಕ್ಕೆ ಸರಿಸುತ್ತ ಹೋದ. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆರನೇ ತಿರುವಿನಲ್ಲಿ ದೇವೀರವ್ವನ ಮಂಡಿ ಮಡಚಲೊಲ್ಲದು.

“ನೀನು ಹೋಗು ಮಗ. ನಾನಿಲ್ಲೇ ಕೂತಿರ್ತೀನಿ.”

ಮುದ್ದ ಬೆನ್ನ ಮೇಲಿದ್ದ ಹೊರೆಯನ್ನು ನೆಲಕ್ಕೆ ತಾಗಿಸದೆ ತಲೆಗೇರಿಸಿದ. ಬಗ್ಗಿ, ಬೆನ್ನು ಕೊಟ್ಟ. “ಹತ್ತು.”

“ಬೇಡ ಕಣೋ, ನಾನು ಭಾರ.”

“ನನ್ನನ್ನ ನೀನು ಐದು ವರ್ಷ ಹೊತ್ತಿದ್ಯಲ್ಲ, ನಾನು ಭಾರ ಇರ್ಲಿಲ್ವಾ?”

“ಇದ್ದೆ. ಕಲ್ಲುಗುಂಡಿನಂಗೆ ಇದ್ದೆ.”

“ನೀನು ಸೌದೆಗಿಂತ ಹಗುರ ಕಣವ್ವ.”

ತಲೆ ಮೇಲೆ ಸೌದೆ, ಬೆನ್ನ ಮೇಲೆ ತಾಯಿ, ಕೆಳಗೆ ಬರಿಗಾಲು. ಜಾರಲಿಲ್ಲ, ನಿಲ್ಲಲಿಲ್ಲ. ಏಳನೇ ತಿರುವು ದಾಟಿ ಗುಡಿಯ ಮುಂದೆ ಹೊರೆ ಇಳಿಸಿದ, ತಾಯಿಯನ್ನು ಅದರ ಪಕ್ಕದಲ್ಲೇ ಇಳಿಸಿದ. ದೇವೀರವ್ವ ಅಡ್ಡಬಿದ್ದು ಕಣ್ಣು ಮುಚ್ಚಿದಳು. ಹದಿನೇಳು ವರ್ಷದ ಮಾತನ್ನು ಒಂದೇ ಸಲಕ್ಕೆ ಒಪ್ಪಿಸುವುದಿತ್ತು, ತಡವಾಯಿತು.

ಪೂಜಾರಪ್ಪ ಹೊರಗೆ ಬಂದು ಮುದ್ದನ ಹಣೆಗೆ ವಿಭೂತಿ ಇಟ್ಟ. ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದ: “ಹರಕೆ ತೀರಿತಪ್ಪ. ಹೊತ್ತು ತಂದದ್ದೆಲ್ಲ ದೇವರದು. ತಿರುಗಿ ನೋಡದೆ ಇಳಿ.”

“ಹಂಗೇ ಆಗ್ಲಿ ಪೂಜಾರಪ್ಪ,” ಅಂದ ಮುದ್ದ. ತಿರುಗಿ ನೋಡದೆ ಇಳಿದ.

ದೇವೀರವ್ವ ಕಣ್ಣು ತೆರೆದಳು. ಸೌದೆ ಇದೆ, ಮಗ ಇಲ್ಲ! “ಮುದ್ದಾ! ಲೋ ಮುದ್ದಾ! ನಿಲ್ಲೋ!”

ಮುದ್ದನಿಗೆ ಕೇಳಿಸಿತು. ಯಾರು ಕೂಗಿದರೂ ನಿಲ್ಲಬಾರದು. ನಿಲ್ಲಲಿಲ್ಲ.

ಮನೆಗೆ ಬಂದು ತಟ್ಟೆ ಮುಂದಿಟ್ಟುಕೊಂಡು ಕೂತ. “ಅವ್ವಾ, ಹರಕೆ ತೀರ್ತು! ಮುದ್ದೆ ಇಕ್ಕು!” ಯಾರೂ ಇಕ್ಕಲಿಲ್ಲ. ಮತ್ತೆ ಕೂಗಿದ. ಪಕ್ಕದ ಮನೆಯ ರಂಗಕ್ಕ ಬಂದಳು.

“ನಿಮ್ಮವ್ವ ಎಲ್ಲಿ ಮುದ್ದ?”

“ದೇವರಿಗೆ ಕೊಟ್ಟು ಬಂದೆ ಕಣಕ್ಕ.”

“ಅಯ್ಯೋ ನಿನ್ನ! ಹೋಗಿ ಕರ್ಕೊಂಡು ಬಾರ್ಲಾ!”

“ಕೊಟ್ಟದ್ದನ್ನ ವಾಪಸ್ ಕೇಳೋದುಂಟಾ ಅಕ್ಕಾ?” ಅಂದ. ಖಾಲಿ ತಟ್ಟೆ ನೋಡಿದ. ಬೆಟ್ಟದ ಕಡೆ ಬೆನ್ನು ಮಾಡಿ ಕೂತ. ಆ ಕಡೆ ನೋಡುವಂತಿರಲಿಲ್ಲವಲ್ಲ. ಕಣ್ಣಲ್ಲಿ ನೀರು ಧಾರೆಧಾರೆಯಾಗಿ ಇಳಿಯಿತು.

ಹೊತ್ತು ಇಳಿಯುವಾಗ ಬೀದಿಯಲ್ಲಿ ಖಾಲಿ ಬಿಂದಿಗೆಗಳ ಸದ್ದು. ಕಾಳಣ್ಣನ ಕತ್ತೆ. ಕತ್ತೆಯ ಮೇಲೆ ದೇವೀರವ್ವ, ಒಂದು ಕೈಯಲ್ಲಿ ಪ್ರಸಾದ, ಇನ್ನೊಂದು ಕೈಯಲ್ಲಿ ಕೋಲು. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೇ ಬಂದಿದ್ದಳು.

ಮುದ್ದ ಎದ್ದು ಓಡಿ ಬಂದು ಅವಳ ಒಡೆದ ಪಾದ ಎರಡೂ ಹಿಡಿದುಕೊಂಡ. ಮುಖ ಎತ್ತಿ, ಗಾಬರಿಯಿಂದ ಕೇಳಿದ:

“ಯಾಕವ್ವ, ದೇವರು ನಿನ್ನ ಬೇಡ ಅಂದ್ಬುಟ್ನಾ?”