ರಾಣಿಯ ಬಾವಿಯ ಮೂರು ಒಗಟು

"ಅಳಿವೆಕೋಟೆಯ ಸಮಸ್ತರೂ ಕೇಳಿರಿ! ರಾಜಕುಮಾರಿ ಪದ್ಮಲಾದೇವಿಯವರು ಬಾವಿಯ ನೀರನ್ನು ಕುರಿತು ಮೂರು ಒಗಟು ಹಾಕಲಿದ್ದಾರೆ. ಮೂರನ್ನೂ ಬಿಡಿಸಿದವನನ್ನು ವರಿಸಲಿದ್ದಾರೆ. ತಪ್ಪಿದವನು ತೀರಿಹೋದ ಮಹಾರಾಣಿಯವರ ಬಾವಿಯಿಂದ ಒಂದು ಚೆಂಬು ನೀರು ಕುಡಿಯತಕ್ಕದ್ದು. ಇದು ಅರಸರ ಅಪ್ಪಣೆ!"

ಡಂಗುರದ ಸದ್ದು ಕಡಲದಂಡೆಯ ಉಪ್ಪಿನಾಗರಕ್ಕೂ ಮುಟ್ಟಿತು. ಅಲ್ಲಿ ಮಂಕಾಳನೆಂಬ ಹುಡುಗ ಉಪ್ಪು ಎಳೆಯುತ್ತಿದ್ದ. ಆ ಬಾವಿ ಯಾವುದೆಂದು ಯಾರೂ ಅವನಿಗೆ ಹೇಳಬೇಕಾಗಿರಲಿಲ್ಲ. ಅದರ ನೀರು ಕುಡಿದ ರಾಣಿ ವಾಂತಿಭೇದಿಯಾಗಿ ಸತ್ತಿದ್ದಳು. ಅವಳ ಹಿಂದೆಯೇ ಇಬ್ಬರು ಊಳಿಗದವರು ಹೋಗಿದ್ದರು. ಅಂದಿನಿಂದ ಬಾವಿಗೆ ಹಲಗೆ ಮುಚ್ಚಿದ್ದರು.

"ಅಮ್ಮಾ, ನಾನೂ ಹೋಗಲಾ?"

"ಮರುಳು ಹಿಡಿಯಿತಾ ತಮಾ? ಅರಮನೆ ಅಳಿಯನಾಗುವ ಮೋರೆ ನೋಡು!"

"ಅಳಿಯನಾಗಲಿಕ್ಕಲ್ಲ. ಅಪ್ಪನೂ ಹಾಗೇ ವಾಂತಿಭೇದಿಯಲ್ಲಿ ಹೋದ. ಯಾಕೆ ಎಂದು ನಾವು ಕೇಳಲಿಲ್ಲ. ರಾಜಕುಮಾರಿ ಕೇಳುತ್ತಿದ್ದಾಳೆ. ದೇವರಿದ್ದಾನಲ್ಲ ಅಮ್ಮಾ."

"ದೇವರಿದ್ದಾನೆಂದು ಯಾರಾದರೂ ಬಾವಿಗೆ ಹಾರುತ್ತಾರಾ?" ಎಂದು ಬೈಯುತ್ತಲೇ ತಾಯಿ ಅವಲಕ್ಕಿ ಕಟ್ಟಿಕೊಟ್ಟಳು. ಹಣೆಗೆ ವಿಭೂತಿ ಇಟ್ಟಳು.

ಆಸ್ಥಾನದಲ್ಲಿ ಅವನಿಗಿಂತ ಮೊದಲೇ ಇಬ್ಬರು ನಿಂತಿದ್ದರು. ಒಬ್ಬ ಪಕ್ಕದ ಸೀಮೆಯ ರಾಜಕುಮಾರ, ಇನ್ನೊಬ್ಬ ಕುದುರೆ ವ್ಯಾಪಾರಿ. ಮಂಕಾಳನ ಪಂಚೆ ಒಗೆದು ಒಗೆದು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. "ಕಾವಿ ಉಟ್ಟ ಸನ್ಯಾಸಿಗೆ ಮದುವೆಯ ಗೊಡವೆ ಯಾಕೋ?" ಎಂದು ವ್ಯಾಪಾರಿ ಛೇಡಿಸಿದ. ಸಭೆ ನಕ್ಕಿತು.

ಪದ್ಮಲಾದೇವಿ ನಗಲಿಲ್ಲ. "ಬಾವಿಯಿಂದ ಕೊಡಕ್ಕೆ ಬರುತ್ತದೆ. ಕೊಡ ತುಂಬಿರುವಾಗ ಕಾಣುವುದಿಲ್ಲ, ಕೊಡ ಒಣಗಿದ ಮೇಲೆ ಕಾಣುತ್ತದೆ. ಅದೇನು?"

"ಕೊಡದ ತಳ!" ಎಂದ ರಾಜಕುಮಾರ.

"ನೀರು ತಿಳಿಯಾಗಿದ್ದರೆ ತುಂಬಿದ ಕೊಡದಲ್ಲೂ ತಳ ಕಾಣುತ್ತದೆ. ತಪ್ಪು."

ಭಟರು ಅವನ ರಟ್ಟೆ ಹಿಡಿದರು. ಮಂಕಾಳನಿಗೆ ಈ ಒಗಟು ದಿನದ ಕೂಳು. "ಉಪ್ಪು. ಕಡಲ ನೀರು ಬಾವಿಗೆ ಬೆರೆತರೆ, ನೀರು ಕಾಯಿಸಿ ಇಂಗಿಸಿದಾಗ ತಳದಲ್ಲಿ ಬೆಳ್ಳಗೆ ಕೂರುತ್ತದೆ."

"ಸರಿ. ಬಾವಿಯಿಂದ ಏರುವಾಗ ಬಣ್ಣವಿಲ್ಲ, ಗಾಳಿಗಿಟ್ಟರೆ ಕೆಂಪಗಾಗುತ್ತದೆ, ಬಿಳಿಯದನ್ನು ಮುಟ್ಟಿದರೆ ಬಿಡುವುದಿಲ್ಲ. ಅದೇನು?"

ವ್ಯಾಪಾರಿ ಮುಂದೆ ಹಾರಿದ. "ಸುಣ್ಣ! ಎಲೆಯಡಿಕೆಗೆ ಬಿದ್ದರೆ ಕೆಂಪು, ಪಂಚೆಗೆ ಬಿದ್ದರೆ ಕಲೆ!"

"ಸುಣ್ಣ ಯಾವ ಬಾವಿಯಿಂದ ಏರುತ್ತದೆ, ಸೆಟ್ಟರೇ?"

ಮಂಕಾಳ ತನ್ನ ಪಂಚೆಯ ಚುಂಗು ಎತ್ತಿ ತೋರಿಸಿದ. "ಇದೇ ಉತ್ತರ. ನಮ್ಮದು ಕೆಂಪುಕಲ್ಲಿನ ಬಾವಿ. ನೀರಲ್ಲಿ ಕಬ್ಬಿಣವುಂಟು. ಸೇದಿಟ್ಟರೆ ತುಕ್ಕಾಗುತ್ತದೆ." ಈ ಸಲ ಯಾರೂ ನಗಲಿಲ್ಲ.

ಮೂರನೆಯದನ್ನು ಹೇಳುವಾಗ ರಾಜಕುಮಾರಿಯ ದನಿ ಇಳಿಯಿತು. "ನನ್ನ ಅಮ್ಮನ ಬಾವಿಯ ನೀರು ಕಣ್ಣಿಗೆ ಸ್ಫಟಿಕ, ನಾಲಗೆಗೆ ಎಳನೀರು, ಮೂಗಿಗೆ ಏನೂ ಇಲ್ಲ. ಅದರೊಳಗೆ ಅವಿತು ಅಮ್ಮನನ್ನು ಕೊಂದದ್ದು ಎಲ್ಲಿಂದ ಬಂತು?"

"ಗೊತ್ತಿಲ್ಲ," ಎಂದ ಮಂಕಾಳ.

ಭಟ ಚೆಂಬು ಹಿಡಿದು ಬಂದ. ಮಂಕಾಳ ಕೇಳಿಯೇಬಿಟ್ಟ: "ದೇವಿಯವರಿಗೆ ಗೊತ್ತುಂಟಾ?"

"ಗೊತ್ತಿದ್ದರೆ ಡಂಗುರ ಹೊಡೆಸುತ್ತಿದ್ದೆನೇ?"

"ಹಾಗಾದರೆ ಚೆಂಬು ಆಮೇಲೆ. ಮೊದಲು ಬಾವಿ ತೋರಿಸಿ."

ರಾಣಿ ಸತ್ತಾಗಿನಿಂದ ಬಾವಿ ನೋಡಲು ಬಂದವರೆಲ್ಲ ನೀರನ್ನೇ ದಿಟ್ಟಿಸಿದ್ದರು. ಮಂಕಾಳ ನೀರಿಗೆ ಬೆನ್ನು ಹಾಕಿ ಬಾವಿಯ ಸುತ್ತ ನಡೆದ. ಮೇಲ್ಗಡೆ ಮಲ್ಲಿಗೆ ಬೇಲಿಯ ಹಿಂದೆ ಒಂದು ಕಲ್ಲಿನ ಕೋಣೆಯಿತ್ತು.

"ಅದೇನಮ್ಮಾ?" ಎಂದು ರಾಣಿಯ ಊಳಿಗದ ಮುದುಕಿ ಚೆನ್ನಕ್ಕನನ್ನು ಕೇಳಿದ.

"ಕಕ್ಕಸು, ಮಗಾ. ರಾಣಿಯಮ್ಮನಿಗೆ ಮೊಣಕಾಲು ನೋವಿತ್ತು. ದೂರ ನಡೆಯಬಾರದೆಂದು ಅರಸರೇ ನಿಂತು ಗುಂಡಿ ತೋಡಿಸಿದರು. ಅಂಥ ಪ್ರೀತಿ!"

ಮಂಕಾಳ ಮೇಲಿನ ಗುಂಡಿಯಿಂದ ಕೆಳಗಿನ ಬಾವಿಯವರೆಗೆ ನೆಲದ ಇಳಿಜಾರನ್ನು ನೋಡಿದ. ಹೇಳಿದರೆ ಅರಸನ ಕತ್ತಿ, ಹೇಳದಿದ್ದರೆ ಚೆಂಬಿನ ನೀರು. ಕಣ್ಣುಮುಚ್ಚಿ, "ಸ್ವಾಮೀ, ನನ್ನ ಬಾಯಿ ಸಾಲದು. ನೀನೇ ತೋರಿಸು," ಎಂದು ಬೇಡಿಕೊಂಡ. ಹಾಗೆ ಬೇಡಿಕೊಂಡವರಿಗೆ ದೇವರು ಅವರವರ ಕೈಯಲ್ಲಿರುವುದನ್ನೇ ಉಪಾಯವಾಗಿ ಕೊಡುತ್ತಾನೆ. ಮಂಕಾಳನ ಕೈಯಲ್ಲಿದ್ದದ್ದು ಉಪ್ಪು.

ಅರಸನ ಎದುರೇ ಬಾವಿಯ ಒಂದು ಕೊಡ ನೀರನ್ನು ಕಾಯಿಸಿ ಇಂಗಿಸಿದ. ತಳದಲ್ಲಿ ಬೂದಿಯಷ್ಟು ತೆಳುವಾದ ಪೊರೆ, ಅದರಲ್ಲಿ ರುಚಿಯಿಲ್ಲ. ಆಮೇಲೆ ಆಗರದಿಂದ ಗಾಡಿಗಟ್ಟಲೆ ಉಪ್ಪು ತರಿಸಿ ಆ ಗುಂಡಿಗೆ ಸುರಿಸಿದ. "ಮಳೆ ಹಿಡಿಯುವ ತನಕ ಗಡುವು ಕೊಡಿ," ಎಂದು ಕೈಮುಗಿದ.

ಮಳೆ ಹಿಡಿಯಿತು, ನೆಲ ನೆನೆಯಿತು. ಮತ್ತೆ ಬಾವಿಯ ಒಂದು ಕೊಡ ಸೇದಿ ಒಲೆಗಿಟ್ಟರು. ನೀರು ಕುದಿದು ಕುದಿದು ಆರಿದಾಗ ತಳದಲ್ಲಿ ಬೆಳ್ಳಗೆ ಹರಳುಗಟ್ಟಿತ್ತು.

ಅರಸನೇ ಬಗ್ಗಿ ಬೆರಳಲ್ಲಿ ತೆಗೆದು ನಾಲಗೆಗೆ ಇಟ್ಟುಕೊಂಡ.

"ಇದು ನನ್ನ ಗುಂಡಿಯ ಉಪ್ಪು," ಎಂದ. "ಉಪ್ಪು ಬಂದ ದಾರಿಯಲ್ಲೇ ಗುಂಡಿಯ ಹೊಲಸೂ ಬಂತು. ಅವಳ ಕಾಲು ನೋಯಬಾರದೆಂದು ತೋಡಿಸಿದೆನಪ್ಪಾ."

"ಅದು ಆ ಅಮ್ಮನಿಗೂ ಗೊತ್ತು, ದೇವರಿಗೂ ಗೊತ್ತು, ಪ್ರಭು," ಎಂದ ಮಂಕಾಳ. "ಸಿಹಿನೀರು ಕೊಟ್ಟವನು ಅವನು. ಗುಂಡಿ ಎಲ್ಲಿ ತೋಡಬೇಕೆಂದು ನೋಡುವ ಕೆಲಸ ನಮಗೆ ಬಿಟ್ಟಿದ್ದಾನೆ."

ಪದ್ಮಲಾದೇವಿ ತಂದೆಯ ಕೈಹಿಡಿದು ಅಳುತ್ತ ಕೂತಳು. ಅತ್ತು ಮುಗಿಸಿ ಎದ್ದು, ಭಟನ ಕೈಯಲ್ಲಿದ್ದ ಚೆಂಬನ್ನು ತಾನೇ ಕಸಿದು ನೆಲಕ್ಕೆ ಚೆಲ್ಲಿದಳು. ಸಭೆಯ ದಿನವೇ ಚೆಂಬಿನ ನೀರು ಕುಡಿದು ಹಾಸಿಗೆ ಹಿಡಿದಿದ್ದ ರಾಜಕುಮಾರನಿಗೂ ವ್ಯಾಪಾರಿಗೂ ಚೆನ್ನಕ್ಕನ ಜೊತೆ ಕೂತು ಉಪ್ಪುಗಂಜಿ ಕುಡಿಸಿದ್ದೂ ಅವಳೇ. ದೇವರ ದಯೆ, ಇಬ್ಬರೂ ಎದ್ದು ಕೂತಿದ್ದರು.

ಮದುವೆ ನಡೆಯಿತು. ಏನು ಬೇಕೆಂದು ಅರಸ ಕೇಳಿದಾಗ ಮಂಕಾಳ, ಬಾವಿಯ ಮೇಲ್ಗಡೆಯ ಗುಂಡಿಗಳನ್ನೆಲ್ಲ ಕೆಳಗೆ, ದೂರಕ್ಕೆ ಒಯ್ಯುವ ಅಪ್ಪಣೆ ಬೇಡಿದ. ಮೊದಲು ಮುಚ್ಚಿದ್ದು ಅರಮನೆಯ ಗುಂಡಿ, ಮಣ್ಣು ಹೊತ್ತದ್ದು ಅರಸ.

ಅಳಿವೆಕೋಟೆಯಲ್ಲಿ ಇಂದಿಗೂ ಹೆಣ್ಣು ಕೊಡುವವರು ಗಂಡಿನ ಮನೆಗೆ ಹೋದರೆ ಜಗಲಿ ಹತ್ತುವ ಮೊದಲು ಬಾವಿಗೆ ಒಂದು ಸುತ್ತು ಬರುತ್ತಾರೆ. ನೋಡಿದವರು ಪ್ರದಕ್ಷಿಣೆ ಎಂದುಕೊಳ್ಳುತ್ತಾರೆ. ಪ್ರದಕ್ಷಿಣೆಯೇ ಅದು, ಕಣ್ಣು ತೆರೆದುಕೊಂಡು ಮಾಡುವಂಥದ್ದು.